ಸ್ನೋ ಫಂಗಸ್ ಸಿಹಿ ಸೂಪ್: ಲೋಳೆ ಬರುವುದು ಎಲ್ಲಿಂದ?

ಪ್ರಶ್ನೆ: ಕೆಲವು ವರ್ಷ ಸಿಂಗಪುರದಲ್ಲಿದ್ದು ಈಗ ಮೈಸೂರಿಗೆ ಬಂದಿದ್ದೇವೆ. ಅಲ್ಲಿ ಸ್ನೋ ಫಂಗಸ್ ಎಂಬ ಬಿಳಿ ಅಣಬೆ ಮತ್ತು ಹಣ್ಣು ಹಾಕಿದ ಚೀನೀಯರ ಸಿಹಿ ಸೂಪ್ ಮನೆಮಂದಿಗೆಲ್ಲ ಇಷ್ಟವಾಗಿತ್ತು. ಗೆಳತಿ ಒಂದು ಪ್ಯಾಕೆಟ್ ತಂದುಕೊಟ್ಟಳು, ಇಲ್ಲೇ ಮಾಡಿದೆ. ರಾತ್ರಿಯೇ ನೆನೆಸಿಟ್ಟು ಬೆಳಿಗ್ಗೆ ಒಂದು ಗಂಟೆ ಕುದಿಸಿದೆ. ಸೂಪ್ ನೀರು ನೀರಾಗಿಯೇ ಉಳಿಯಿತು, ಫಂಗಸ್ ಕರುಂ ಕುರುಂ ಅನ್ನುತ್ತಿತ್ತು. ರೆಡ್ ಡೇಟ್ಸ್ ಸಿಗಲಿಲ್ಲ, ಖರ್ಜೂರ ಹಾಕಿದೆ, ಬಣ್ಣ ಕೆಟ್ಟಿತು. ಗಟ್ಟಿಯಾಗಲು ಕಾರ್ನ್‌ಫ್ಲೋರ್ ಹಾಕಬೇಕಾ? ಇದರಲ್ಲಿ ಕೊಲಾಜೆನ್ ಇದೆ, ಚರ್ಮಕ್ಕೆ ಒಳ್ಳೆಯದು ಅನ್ನುತ್ತಾರೆ, ನಿಜವಾ? ನಮ್ಮ ಅತ್ತೆ ಅಣಬೆ ಮುಟ್ಟುವುದಿಲ್ಲ, ಅವರಿಗೆ ಏನು ಮಾಡಲಿ?

ಉತ್ತರ: ಲೋಳೆಯ ಮಾತು ಆಮೇಲೆ ಮೇಡಂ. ಮೊದಲು ಆ ರಾತ್ರಿಯಿಡೀ ನೆನೆಸುವ ಅಭ್ಯಾಸ ಬಿಟ್ಟುಬಿಡಿ. ಕಡಲೆ, ಅಲಸಂದೆ ನೆನೆಸಿ ನೆನೆಸಿ ನಮಗೆ ಇದು ರೂಢಿಯಾಗಿಬಿಟ್ಟಿದೆ, ಹಾಗಾಗಿ ಒಣಗಿದ್ದು ಏನೇ ಸಿಕ್ಕರೂ ರಾತ್ರಿ ನೀರಿಗೆ ಹಾಕಿ ಮಲಗುತ್ತೇವೆ. ಒಣ ಅಣಬೆ ವಿಷಯದಲ್ಲಿ ಇದು ನಡೆಯುವುದಿಲ್ಲ. ಬರ್ಕ್‌ಹೋಲ್ಡೇರಿಯಾ ಗ್ಲಾಡಿಯೋಲಿ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಒಂದು ಬಗೆ, ಬೆಚ್ಚಗಿನ ಜಾಗದಲ್ಲಿ ಬಹಳ ಹೊತ್ತು ನೆನೆದ ಅಣಬೆಯಲ್ಲಿ, ಹುದುಗು ಬಂದ ಹಿಟ್ಟಿನಲ್ಲಿ ಬೆಳೆದು ಬಾಂಗ್‌ಕ್ರೆಕಿಕ್ ಆಸಿಡ್ ಎಂಬ ವಿಷ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲಕ್ಕಿಂತ ಕೆಟ್ಟ ಸಂಗತಿ ಅಂದರೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕುಕ್ಕರ್‌ನಲ್ಲಿ ಇಟ್ಟರೂ ಅಷ್ಟೇ. ನೇರವಾಗಿ ಲಿವರ್‌ಗೆ, ಮಿದುಳಿಗೆ ಹೊಡೆತ ಕೊಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಚೀನಾದ ಹೇಯ್ಲಾಂಗ್‌ಜಿಯಾಂಗ್ ಪ್ರಾಂತ್ಯದ ಜೀಶಿಯಲ್ಲಿ, ಹುದುಗಿಸಿದ ಮೆಕ್ಕೆಜೋಳದ ಹಿಟ್ಟಿನ ಶಾವಿಗೆ ತಿಂದು ಒಂದೇ ಮನೆಯ ಊಟಕ್ಕೆ ಕೂತಿದ್ದ 9 ಜನ ತೀರಿಕೊಂಡರು. ಕಾರಣ ಇದೇ ವಿಷ. ಬಹಳ ಹೊತ್ತು ನೆನೆಸಿಟ್ಟ ಕಪ್ಪು ಅಣಬೆ ಮತ್ತು ಸ್ನೋ ಫಂಗಸ್ ಬಗ್ಗೆಯೂ ಅಲ್ಲಿನ ಆರೋಗ್ಯ ಇಲಾಖೆಯವರು ಮತ್ತೆ ಮತ್ತೆ ಎಚ್ಚರಿಸುತ್ತಾರೆ.

ಹೆದರಬೇಡಿ, ಒಣ ಫಂಗಸ್‌ನಲ್ಲೇ ವಿಷ ಇರುತ್ತದೆ ಅಂತಲ್ಲ. ನೀವು ಕುಡಿದು ಆರಾಮಾಗಿದ್ದೀರಿ ಅಂದರೆ ಆಗಿದ್ದು ಆಯಿತು. ಮುಂದಿನ ಸಲ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನೆನೆಸಿ, ಅಷ್ಟೇ ಸಾಕು. ಮೈಸೂರಿನ ಏಪ್ರಿಲ್ ಸೆಕೆಯಲ್ಲಾದರೆ ಆ ಒಂದು ಗಂಟೆಯನ್ನೂ ಫ್ರಿಜ್‌ನಲ್ಲೇ ಕಳೆಯಲಿ. ನೆನೆದ ಮೇಲೆ ಫಂಗಸ್‌ನ ಎಲೆಯಂಥ ಪದರ ಮುಟ್ಟಿದರೆ ಜಾರುವ ಹಾಗಿದ್ದರೆ, ನೀರು ಮಂಕಾಗಿದ್ದರೆ, ಸ್ವಲ್ಪ ಹುಳಿ ವಾಸನೆ ಬಂದರೂ ಸರಿ, ಪೂರ್ತಿ ಎಸೆಯಿರಿ. ದುಡ್ಡು ಕೊಟ್ಟು ತಂದದ್ದು ಅಂತ ಲೆಕ್ಕ ಹಾಕುವ ಜಾಗ ಇದಲ್ಲ. ಹಾಗಂತ ವಾಸನೆ ಬಂದಿಲ್ಲ, ಆದ್ದರಿಂದ ಸರಿಯಾಗಿದೆ ಅಂತಲೂ ತಿಳಿಯಬೇಡಿ. ಹೊತ್ತು ಮೀರಿ ಹೊರಗೆ ನೆನೆದದ್ದು ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಇನ್ನು ನೀರು ನೀರಾದ ವಿಷಯ. ಸಿಂಗಪುರದಲ್ಲಿ ನೀವು ಕುಡಿದದ್ದು ಯಾವುದು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಅಲ್ಲಿನ ಹಾಕರ್ ಸೆಂಟರ್‌ಗಳಲ್ಲಿ ಸಿಗುವ ಚೆಂಗ್ ಟಂಗ್ ಹುಟ್ಟಾ ತೆಳು. ತಿಳಿಯಾದ ಸಿಹಿ ನೀರು, ಅದರೊಳಗೆ ಲಾಂಗನ್ ಹಣ್ಣು, ಬಾರ್ಲಿ, ಸ್ನೋ ಫಂಗಸ್ ಚೂರು, ಮೇಲೆ ಬೇಕಾದರೆ ಐಸ್. ಅದರಲ್ಲಿ ಫಂಗಸ್ ಕರುಂ ಅನ್ನಬೇಕು, ಅದೇ ಅದರ ಸೊಗಸು. ಹಾಗೆ ಬೇಕೆಂದರೆ ಅರ್ಧ ಗಂಟೆ ಕುದಿಸಿದರೆ ಮುಗಿಯಿತು. ಚೀನಾದ ಸಿಚುವಾನ್, ಫುಜಿಯಾನ್ ಕಡೆ ಮನೆಗಳಲ್ಲಿ ಮಾಡುವುದು ಬೇರೆ. ಅದು ಗಂಜಿಯ ಹಾಗೆ ಮಂದವಾಗಿ, ಚಮಚದಿಂದ ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ, ಫಂಗಸ್ ಅಂತೂ ನಾಲಿಗೆ ಮೇಲೇ ಕರಗುತ್ತದೆ. ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರು ಎರಡಕ್ಕೂ ನಡುವಿನ ಹದದಲ್ಲಿ ಮಾಡುತ್ತಾರೆ. ಆ ಕಡೆಯ ಗುವಾಂಗ್‌ಜೌ ನಗರದಲ್ಲಿ ನಾನಿದ್ದಾಗ ಕಂಡ ಹಾಗೆ, ಅಲ್ಲಿ ರಾತ್ರಿ ಊಟ ಆದ ಮೇಲೂ ಸಿಹಿ ಸೂಪ್ ಅಂಗಡಿಗಳು ತುಂಬಿರುತ್ತವೆ, ಒಂದೇ ಅಂಗಡಿಯಲ್ಲಿ ಬಿಸಿಯದೂ ತಣ್ಣಗಿನದೂ ಸಿಗುತ್ತದೆ. ಕಾರ್ನ್‌ಫ್ಲೋರ್ ಹಾಕಲೇ ಅಂತ ಕೇಳಿದ್ದೀರಲ್ಲ, ಅದನ್ನು ನೋಡಿದರೆ ನಿಮಗೆ ಬೇಕಾದದ್ದು ಮಂದ ಬಗೆಯದು. ಅದನ್ನೇ ಹೇಳುತ್ತೇನೆ.

ಕಾರ್ನ್‌ಫ್ಲೋರ್ ಖಂಡಿತ ಬೇಡ. ಈ ಸೂಪ್‌ನ ಮಂದತನ ಪೂರ್ತಿ ಫಂಗಸ್‌ನಿಂದಲೇ ಬರಬೇಕು. ಹಣ್ಣಿನಿಂದ ಅಲ್ಲ, ಸಕ್ಕರೆಯಿಂದ ಅಲ್ಲ, ಹಿಟ್ಟಿನಿಂದ ಅಂತೂ ಅಲ್ಲವೇ ಅಲ್ಲ. ಹಿಟ್ಟು ಹಾಕಿದರೆ ಸೂಪ್ ಮಬ್ಬಾಗುತ್ತದೆ, ಹಿಟ್ಟಿನ ರುಚಿ ಬರುತ್ತದೆ, ಮಾರನೆಯ ದಿನ ಫ್ರಿಜ್‌ನಿಂದ ತೆಗೆದರೆ ನೀರು ಬಿಟ್ಟುಕೊಂಡಿರುತ್ತದೆ. ಫಂಗಸ್ ಲೋಳೆ ತಿಳಿಯಾಗಿಯೇ ಮಂದವಾಗುತ್ತದೆ, ತಣ್ಣಗಾದರೆ ಇನ್ನೂ ಮಂದ.

ಆ ಲೋಳೆ ಎಲ್ಲಿರುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ನೋ ಫಂಗಸ್‌ನ ಎಲೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಒಂದು ಬಗೆಯ ನಾರಿನಂಥ ಪದಾರ್ಥ ತುಂಬಿದೆ. ವಿಜ್ಞಾನದವರು ಪಾಲಿಸ್ಯಾಕರೈಡ್ ಅನ್ನುತ್ತಾರೆ, ಸಕ್ಕರೆ ಕಣಗಳು ಸಾಲಾಗಿ ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಒಣಗಿದಾಗ ಅದು ಮುದುಡಿ ಕೂತಿರುತ್ತದೆ. ನೆನೆಸಿದಾಗ ನೀರು ಕುಡಿದು ಉಬ್ಬುತ್ತದೆ, ಆದರೆ ಎಲೆಯ ಒಳಗೇ ಇರುತ್ತದೆ. ಬಿಸಿಯಲ್ಲಿ ಬಹಳ ಹೊತ್ತು ಬೆಂದಾಗ ಮಾತ್ರ ಎಲೆಯ ಗೋಡೆ ಸಡಿಲವಾಗಿ ಅದು ನೀರಿಗೆ ಇಳಿಯುತ್ತದೆ. ಅಂದರೆ ಲೆಕ್ಕಕ್ಕೆ ಬರುವುದು ಮೂರೇ: ಎಲೆ ಎಷ್ಟು ಸಣ್ಣ ಚೂರಾಗಿದೆ, ಎಷ್ಟು ಹೊತ್ತು ಬೆಂದಿತು, ನೀರು ಎಷ್ಟು. ನೀವು ಒಂದು ಗಂಟೆ ಬೇಯಿಸಿದ್ದೀರಿ, ಅದು ಕಡಿಮೆಯಾಯಿತು. ಚೂರು ಬಹುಶಃ ದೊಡ್ಡದಿತ್ತು. ನೀರೂ ಜಾಸ್ತಿ ಇದ್ದಿರಬಹುದು.

ಮೂರರಲ್ಲಿ ಎಲ್ಲರೂ ಉದಾಸೀನ ಮಾಡುವುದು ಚೂರು ಮಾಡುವ ಕೆಲಸವನ್ನು. ನೆನೆದ ಫಂಗಸ್ ಹೂವಿನ ಹಾಗೆ ಅರಳಿ ಚೆನ್ನಾಗಿ ಕಾಣುತ್ತದಲ್ಲ, ಅದನ್ನು ಹರಿಯಲು ಮನಸ್ಸು ಬರುವುದಿಲ್ಲ, ನಾಲ್ಕು ಭಾಗ ಮಾಡಿ ಪಾತ್ರೆಗೆ ಹಾಕಿಬಿಡುತ್ತಾರೆ. ಹಾಗೆ ಹಾಕಿದರೆ ಮೂರು ಗಂಟೆ ಕುದಿಸಿದರೂ ನಡುಭಾಗ ಬಿಡುವುದಿಲ್ಲ. ಹೂವನ್ನು ಬೋರಲು ಹಾಕಿ. ಅಡಿಯಲ್ಲಿ ಗಟ್ಟಿಯಾದ ಹಳದಿ ಗಂಟು ಇರುತ್ತದೆ, ಅದು ಬೆಳೆಯುವಾಗ ಮರಕ್ಕೋ, ಬೆಳೆಸುವ ಚೀಲಕ್ಕೋ ಅಂಟಿಕೊಂಡಿದ್ದ ಜಾಗ. ಅದನ್ನು ಕತ್ತರಿಯಿಂದ ಪೂರ್ತಿ ಕತ್ತರಿಸಿ ಎಸೆಯಿರಿ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ. ಗಂಟು ಹೋದ ಕೂಡಲೇ ಎಲೆಗಳು ತಾವೇ ಬಿಡಿಬಿಡಿಯಾಗುತ್ತವೆ. ಆಮೇಲೆ ಕೈಯಿಂದ ಹರಿಯುತ್ತಾ ಹೋಗಿ, ಒಂದೊಂದು ಚೂರು ನಿಮ್ಮ ಹೆಬ್ಬೆರಳ ಉಗುರಿಗಿಂತ ದೊಡ್ಡದಿರಬಾರದು. ಒಂದು ಹೂವಿಗೆ ಹತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ಸಮಯ ಇಲ್ಲ ಅನ್ನುವವರು ಅರ್ಧ ಭಾಗವನ್ನು ಮಿಕ್ಸಿಯಲ್ಲಿ ನೀರು ಹಾಕಿ ಎರಡೇ ಸುತ್ತು ತಿರುಗಿಸಿಕೊಳ್ಳಬಹುದು. ನುಣ್ಣಗೆ ರುಬ್ಬಬೇಡಿ, ಬಾಯಿಗೆ ಏನೂ ಸಿಗದ ಹಾಗಾಗುತ್ತದೆ. ಇನ್ನೊಂದು ಉಪಾಯವೂ ಇದೆ. ನೆನೆಸಿ ಹರಿದ ಚೂರುಗಳನ್ನು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿ ಗಟ್ಟಿಯಾಗುವ ತನಕ ಇಡಿ. ಒಳಗಿನ ನೀರು ಮಂಜುಗಡ್ಡೆಯಾಗುವಾಗ ಎಲೆಯ ಗೋಡೆ ಒಡೆಯುತ್ತದೆ, ಹಾಗಾಗಿ ಬೇಗ ಬೇಯುತ್ತದೆ, ಲೋಳೆಯೂ ಬೇಗ ಬಿಡುತ್ತದೆ. ಕರಗಿಸುವುದೇನೂ ಬೇಡ, ಹಾಗೇ ಕುದಿಯುವ ನೀರಿಗೆ ಹಾಕಿ.

ಅಳತೆ ಹೀಗೆ. ಒಣಗಿದ ಒಂದು ಮಧ್ಯಮ ಗಾತ್ರದ ಹೂವು 15ರಿಂದ 20 ಗ್ರಾಂ ತೂಗುತ್ತದೆ. ಇಷ್ಟೇನಾ ಅನ್ನಿಸುತ್ತದೆ, ನೆನೆದ ಮೇಲೆ ದೊಡ್ಡ ಬೋಗುಣಿ ತುಂಬುತ್ತದೆ. ಅದಕ್ಕೆ ತೆರೆದ ಪಾತ್ರೆಯಲ್ಲಾದರೆ ಒಂದೂವರೆ ಲೀಟರಿನಿಂದ ಒಂದೂಮುಕ್ಕಾಲು ಲೀಟರ್ ನೀರು, ಕುಕ್ಕರ್‌ನಲ್ಲಾದರೆ ಒಂದೂಕಾಲು ಲೀಟರ್, ಯಾಕೆಂದರೆ ಕುಕ್ಕರ್‌ನಲ್ಲಿ ನೀರು ಆವಿಯಾಗಿ ಹೋಗುವುದು ಕಮ್ಮಿ. ನಾಲ್ಕೈದು ಜನಕ್ಕೆ ಆಗುತ್ತದೆ. ಶುರುವಿನಲ್ಲೇ ಪೂರ್ತಿ ನೀರು ಹಾಕಿ. ನಡುವೆ ಕಮ್ಮಿಯಾಯಿತು ಅಂತ ತಣ್ಣೀರು ಸುರಿಯಬೇಡಿ. ಬೇಕೇ ಬೇಕು ಅಂದರೆ ಕುದಿಯುವ ನೀರು.

ತೆರೆದ ಪಾತ್ರೆಯಲ್ಲಿ ಮಾಡುವುದಾದರೆ ಮೊದಲು ಜೋರು ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ, ಆಗಾಗ ಸೌಟಿನಿಂದ ತಿರುವುತ್ತಿರಿ. ಆಮೇಲೆ ಉರಿ ತಗ್ಗಿಸಿ, ಮುಚ್ಚಳ ಸ್ವಲ್ಪ ಓರೆ ಮಾಡಿ, ಒಂದೂವರೆಯಿಂದ ಎರಡು ಗಂಟೆ. ಗಡಿಯಾರಕ್ಕಿಂತ ಗುಳ್ಳೆ ನೋಡುವುದು ಒಳ್ಳೆಯದು. ಮೊದಲ ಅರ್ಧ ಗಂಟೆ ಗುಳ್ಳೆ ದೊಡ್ಡದು, ಎದ್ದ ಕೂಡಲೇ ಒಡೆಯುತ್ತದೆ, ಬರೀ ನೀರು ಕುದಿಯುವ ಸದ್ದು. ಒಂದು ಗಂಟೆ ದಾಟಿದ ಮೇಲೆ ಸದ್ದು ಬದಲಾಗುತ್ತದೆ. ಗುಳ್ಳೆ ಸಣ್ಣದಾಗುತ್ತದೆ, ಒತ್ತೊತ್ತಾಗಿ ಎದ್ದು ಅಂಚಿನಲ್ಲಿ ಬಿಳಿ ನೊರೆಯಾಗಿ ನಿಲ್ಲುತ್ತದೆ, ಬೇಗ ಒಡೆಯುವುದಿಲ್ಲ. ಸೌಟು ಎತ್ತಿ ಓರೆ ಮಾಡಿ ನೋಡಿ. ಮೊದಲು ಟಪಟಪ ಬೀಳುತ್ತಿದ್ದ ಹನಿ ಈಗ ಸೌಟಿನ ತುದಿಯಲ್ಲಿ ಒಂದು ಗಳಿಗೆ ನಿಂತು, ಹಿಂದೆ ಸಣ್ಣ ಬಾಲ ಬಿಟ್ಟುಕೊಂಡು ಇಳಿಯುತ್ತದೆ. ಅದು ಕಂಡಿತು ಅಂದರೆ ಲೋಳೆ ಬಿಡಲು ಶುರುವಾಯಿತು. ಇಲ್ಲಿಂದ ಮುಂದೆ ಉರಿ ಇನ್ನಷ್ಟು ಸಣ್ಣದಿರಲಿ, ತಳ ಹಿಡಿಯುತ್ತದೆ, ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲಿದರೆ ಒರೆಸುವುದೂ ಕಷ್ಟ. ಚೂರಿನ ಅಂಚು ಚೂಪು ಕಳೆದುಕೊಂಡು ಅರೆ ಪಾರದರ್ಶಕವಾಗಿ, ಬೆರಳಲ್ಲಿ ಒತ್ತಿದರೆ ಜಾರಿ ಹೋಗುವ ಹಾಗಾದರೆ ಸಾಕು.

ಕುಕ್ಕರ್ ನಮಗೆ ವರ. ಮೂರರಿಂದ ಐದು ಲೀಟರಿನ ಕುಕ್ಕರ್ ಇದ್ದರೆ ಮೂರು ಕೂಗು ಕೂಗಿಸಿ, ಆಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಬಿಟ್ಟು, ಪ್ರೆಷರ್ ತಾನಾಗಿ ಇಳಿಯುವ ತನಕ ಕಾಯಿರಿ. ಆದರೆ ಒಂದು ಮಾತು ಮರೆಯಬೇಡಿ. ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಇದು ನೊರೆ ಕಟ್ಟುವ ಪದಾರ್ಥ, ಆ ಅಂಟು ನೊರೆ ವಿಷಲ್ ಹೊರಬರುವ ಕೊಳವೆಯಲ್ಲಿ ಕೂತರೆ ಆವಿ ಹೋಗಲು ದಾರಿ ಇರುವುದಿಲ್ಲ. ಹಾಗೇ ಅವಸರದಲ್ಲಿ ವೆಯ್ಟ್ ಎತ್ತಿ ಪ್ರೆಷರ್ ಬಿಡಲೂ ಹೋಗಬೇಡಿ, ಬಿಸಿ ಲೋಳೆಯೇ ಚಿಮ್ಮುತ್ತದೆ. ಮುಚ್ಚಳ ತೆಗೆದ ಮೇಲೆ ತೆರೆದೇ ಇಟ್ಟು ಹತ್ತು ಹದಿನೈದು ನಿಮಿಷ ಕುದಿಸಿ ಹದಕ್ಕೆ ತಂದುಕೊಳ್ಳಿ. ಹಣ್ಣು, ಸಕ್ಕರೆ ಎಲ್ಲ ಮುಚ್ಚಳ ತೆಗೆದ ಮೇಲೆಯೇ, ಅವು ಬೇಯಲು ಬೇಕಾದಷ್ಟು ಹೊತ್ತು ಇನ್ನೂ ಕುದಿಸಿ.

ಹಾಕುವ ಕ್ರಮ ಮುಖ್ಯ. ಫಂಗಸ್ ಒಂದೇ ಮೊದಲು. ತಾವರೆ ಬೀಜ ಹಾಕುವುದಾದರೆ ಅದನ್ನೂ ಜೊತೆಗೇ ಹಾಕಿ, ಯಾಕೆಂದರೆ ಅದು ಬೇಯಲು ತಡ. ಅಂಗಡಿಯಲ್ಲಿ ತಾವರೆ ಬೀಜ ಕೇಳಿದರೆ ಎಷ್ಟೋ ಕಡೆ ಮಖಾನಾ ಕೊಡುತ್ತಾರೆ. ಅದು ಬೇರೆ ಗಿಡದ್ದು, ಹುರಿದು ಅರಳಿಸಿದ್ದು, ಸೂಪಿಗೆ ಹಾಕಿದರೆ ಒದ್ದೆ ಹತ್ತಿಯಂತಾಗುತ್ತದೆ. ನಿಜವಾದ ತಾವರೆ ಬೀಜ ಗಟ್ಟಿ, ಕಡಲೆಗಿಂತ ದೊಡ್ಡದು. ಬಿಡಿಸಿ ನೋಡಿ, ಒಳಗೆ ಹಸಿರು ಮೊಳಕೆ ಇದ್ದರೆ ತೆಗೆಯಿರಿ, ವಿಪರೀತ ಕಹಿ. ಬೀಜ ಸಿಗಲಿಲ್ಲ ಅಂದರೆ ಬಿಟ್ಟೇಬಿಡಿ, ಏನೂ ನಷ್ಟವಿಲ್ಲ.

ರೆಡ್ ಡೇಟ್ಸ್ ಅಂದರೆ ಖರ್ಜೂರ ಅಲ್ಲವೇ ಅಲ್ಲ. ಅದು ನಮ್ಮ ಬೋರೆ ಹಣ್ಣಿನ ಹತ್ತಿರದ ಬಂಧು, ನಮ್ಮ ಕಡೆ ಕೆಲವರು ಎಲಚಿ ಅನ್ನುತ್ತಾರಲ್ಲ, ಆ ಕುಲದ್ದೇ ಇನ್ನೊಂದು ಜಾತಿಯ ಹಣ್ಣನ್ನು ಒಣಗಿಸಿದ್ದು. ಹಗುರ, ಒಳಗೆ ಬೆಂಡಿನಂಥ ತಿರುಳು, ತಿಳಿ ಸಿಹಿ. ಖರ್ಜೂರದಲ್ಲಿ ಸಕ್ಕರೆ ಜಾಸ್ತಿ, ತಿರುಳು ಕರಗಿ ಸೂಪನ್ನು ಕಂದು ಕೆಸರು ಮಾಡಿಬಿಡುತ್ತದೆ. ನಿಮಗೆ ಆಗಿದ್ದು ಅದೇ. ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ, ಪೂರ್ವ ಏಷ್ಯಾದ ಸಾಮಾನು ಮಾರುವ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಕೇಳಿ ನೋಡಿ. ಸಿಕ್ಕರೆ ಎಂಟು ಹಣ್ಣು ಸಾಕು, ಬೀಜ ತೆಗೆದು ಸೀಳಿ, ಕೊನೆಯ ಅರ್ಧ ಗಂಟೆಗೆ ಹಾಕಿ. ಶುರುವಿನಲ್ಲೇ ಹಾಕಿದರೆ ಸಿಪ್ಪೆಯ ಬಣ್ಣ ಬಿಟ್ಟು ಸೂಪ್ ಕೆಂಪಗಾಗುತ್ತದೆ, ಸ್ವಲ್ಪ ಒಗರೂ ಬರುತ್ತದೆ. ಸಿಗಲಿಲ್ಲವೋ, ಒಣದ್ರಾಕ್ಷಿ ಒಂದು ಹಿಡಿ ಕೊನೆಯ ಹತ್ತು ನಿಮಿಷಕ್ಕೆ. ಅದು ಚೀನೀ ಪದ್ಧತಿ ಏನಲ್ಲ, ಆದರೆ ಖರ್ಜೂರದ ಹಾಗೆ ಕೆಡಿಸುವುದಿಲ್ಲ.

ಹಣ್ಣು ಅಂದರೆ ಮೊದಲ ಸ್ಥಾನ ಪಿಯರ್ಸ್‌ಗೆ. ಚೀನಾದಲ್ಲಿ ಮಳೆಗಾಲ ಮುಗಿದು ಒಣ ಗಾಳಿ ಶುರುವಾಗುವ ಹೊತ್ತಿಗೆ, ಅಂದರೆ ಶರತ್ಕಾಲದಲ್ಲಿ, ಫಂಗಸ್, ಪಿಯರ್ಸ್ ಎರಡನ್ನೂ ಸೇರಿಸಿ ಕುದಿಸುತ್ತಾರೆ. ಗಂಟಲು ಒಣಗುವುದು, ಒಣ ಕೆಮ್ಮು ಬರುವುದು ಆಗ ಜಾಸ್ತಿ, ಶ್ವಾಸಕೋಶಕ್ಕೆ ತೇವ ಕೊಡುತ್ತದೆ ಅನ್ನುವುದು ಅವರ ವೈದ್ಯದ ಮಾತು. ಅಲ್ಲಿನ ಹಣ್ಣು ದುಂಡಗೆ, ಗರಿಗರಿ, ನೀರು ತುಂಬಿದ್ದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಊಟಿ ಕಡೆಯಿಂದ ಬರುವ ಗಟ್ಟಿ ಪಿಯರ್ಸ್, ಅಥವಾ ಉತ್ತರದ ಗಟ್ಟಿ ನಾಶಪತಿ. ಬಾಬುಗೋಶ ಅಂತ ಮೆತ್ತಗಿನದು ಬರುತ್ತದಲ್ಲ, ಅದು ತಿನ್ನಲು ಚೆನ್ನ, ಸೂಪಿಗೆ ಹಾಕಿದರೆ ಕಲಸಿಹೋಗುತ್ತದೆ. ಎರಡು ಹಣ್ಣು, ಸಿಪ್ಪೆ ತೆಗೆದು, ದೊಡ್ಡ ಹೋಳು, ಕೊನೆಯ 25 ನಿಮಿಷ. ಹಣ್ಣೂ ನೀರು ಬಿಡುತ್ತದೆ, ಆದ್ದರಿಂದ ಅದನ್ನು ಹಾಕುವ ಮೊದಲು ಸೂಪ್ ನಿಮಗೆ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಮಂದವಾಗಿಯೇ ಇರಲಿ.

ಪಪ್ಪಾಯಿ ಹಾಕುವುದು ಕ್ಯಾಂಟನ್ ಕಡೆಯ ರೂಢಿ. ನನ್ನ ಕೇಳಿದರೆ ಕರ್ನಾಟಕದಲ್ಲಿ ಮಾಡಲು ಇದೇ ಎಲ್ಲಕ್ಕಿಂತ ಸರಿಯಾದದ್ದು. ಒಳ್ಳೆಯ ಪಪ್ಪಾಯಿ ಇಲ್ಲಿ ವರ್ಷವಿಡೀ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಪೂರ್ತಿ ಹಣ್ಣಾದದ್ದು ಬೇಡ, ಬಣ್ಣ ತಿರುಗಿ ಇನ್ನೂ ಗಟ್ಟಿ ಇರುವುದನ್ನು ಆರಿಸಿ. ಹೋಳು ಮಾಡಿ ಕೊನೆಯ ಹನ್ನೆರಡು ನಿಮಿಷಕ್ಕೆ ಹಾಕಿ. ಇಳಿಸಿದ ಮೇಲೆ ಅರ್ಧ ಲೋಟ ತೆಂಗಿನಕಾಯಿ ಹಾಲು ಬೆರೆಸಿ ತಣ್ಣಗೆ ಮಾಡಿದರೆ, ಬೇಸಿಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಅನಾನಸು, ಕಿತ್ತಳೆಯಂಥ ಹುಳಿ ಹಣ್ಣನ್ನು ಮಾತ್ರ ಕುದಿಸಬೇಡಿ, ಹುಳಿಯಲ್ಲಿ ಬಹಳ ಹೊತ್ತು ಕುದಿದರೆ ಲೋಳೆ ತೆಳುವಾಗುತ್ತದೆ. ಬಡಿಸುವಾಗ ಮೇಲಿನಿಂದ ಹಾಕಿಕೊಳ್ಳಿ.

ಸಿಹಿಗೆ ಕಲ್ಲುಸಕ್ಕರೆ. ಅಲ್ಲೂ ಅದೇ, ನಮ್ಮಲ್ಲೂ ಅದೇ, ಇದೊಂದಕ್ಕೆ ಹುಡುಕಾಟ ಬೇಡ. 60ರಿಂದ 80 ಗ್ರಾಂ, ಲೋಳೆ ಬಿಟ್ಟ ಮೇಲೆ. ಮೊದಲೇ ಹಾಕಿದರೆ ಸಕ್ಕರೆಯೂ ನೀರನ್ನು ಎಳೆದುಕೊಳ್ಳುವುದರಿಂದ ಫಂಗಸ್ ಮೆತ್ತಗಾಗುವುದು ತಡವಾಗುತ್ತದೆ. ಬೆಲ್ಲ ಹಾಕಿದರೆ ಬೆಲ್ಲದ ರುಚಿಯೇ ಎದ್ದು ನಿಲ್ಲುತ್ತದೆ, ಪಿಯರ್ಸ್ ಕಾಣೆಯಾಗುತ್ತದೆ. ಗೋಜಿ ಅನ್ನುವ ಒಣಗಿದ ಸಣ್ಣ ಕೆಂಪು ಹಣ್ಣು ಇದ್ದರೆ ಒಂದು ದೊಡ್ಡ ಚಮಚ, ತೊಳೆದು, ಇಳಿಸುವ ಐದು ನಿಮಿಷ ಮುಂಚೆ. ಅದು ಬಣ್ಣಕ್ಕೆ ಮತ್ತು ಒಂಚೂರು ಹುಳಿಸಿಹಿಗೆ, ಜಾಸ್ತಿ ಕುದಿಸಿದರೆ ಒಡೆದು ಬರೀ ಬೀಜ ಉಳಿಯುತ್ತದೆ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರಿಗೆ ಗೋಜಿ ಹಾಕದೆ ಕೊಡಿ, ಅದು ಆ ಮಾತ್ರೆಯ ಪರಿಣಾಮವನ್ನು ಹೆಚ್ಚಿಸುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಲೋಳೆ ಬಿಡುತ್ತಿಲ್ಲ ಅಂದರೆ ಪ್ಯಾಕೆಟ್ ಮೇಲೆ ಅನುಮಾನ ಪಡಬೇಕು. ಕೊಳ್ಳುವಾಗ ಹಾಲಿನಂತೆ ಬೆಳ್ಳಗಿರುವುದನ್ನು ಆರಿಸಬೇಡಿ. ಒಣಗಿದ ಒಳ್ಳೆಯ ಸ್ನೋ ಫಂಗಸ್ ತಿಳಿ ಕೆನೆ ಬಣ್ಣ, ಅಂಚು ಸ್ವಲ್ಪ ಹಳದಿ. ಅಚ್ಚ ಬಿಳಿ ಅಂದರೆ ಗಂಧಕದ ಹೊಗೆ ಹಾಕಿ ಬಿಳುಪು ಮಾಡಿರುವ ಸಾಧ್ಯತೆ ಇದೆ. ಪ್ಯಾಕೆಟ್ ಒಡೆದ ಕೂಡಲೇ ಮೂಗಿಗೆ ಬಡಿಯುವ ಕಟು ವಾಸನೆ ಬಂದರೆ, ಒಂದು ಚೂರು ನಾಲಿಗೆಗೆ ಮುಟ್ಟಿಸಿದಾಗ ಚುರುಕ್ ಅಂದರೆ ಅದು ಗಂಧಕದ್ದೇ. ಅಂಥದ್ದನ್ನು ಬಳಸದಿದ್ದರೆ ಒಳ್ಳೆಯದು. ಯಾವುದೇ ಪ್ಯಾಕೆಟ್ ಆಗಲಿ, ನೆನೆಸಿದ ನೀರನ್ನು ಚೆಲ್ಲಿ, ಎರಡು ಮೂರು ಸಲ ತೊಳೆದುಕೊಳ್ಳಿ. ತುಂಬಾ ಹಳೆಯದಾದರೆ ಬಣ್ಣ ಗಾಢ ಹಳದಿ ಅಥವಾ ಕಂದಾಗಿರುತ್ತದೆ, ಅದು ನೆನೆದರೂ ಸರಿಯಾಗಿ ಅರಳುವುದಿಲ್ಲ, ಲೋಳೆಯೂ ಅಷ್ಟಕ್ಕಷ್ಟೇ. ಬಿಸಿನೀರಲ್ಲಿ ನೆನೆಸಿದರೆ ಬೇಗ ಆಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಬೇಡ. ಹೊರಗಿನ ಎಲೆ ಜೋಲು ಬಿದ್ದು ಲೋಳೆ ನೆನೆಸಿದ ನೀರಿಗೇ ಹೋಗುತ್ತದೆ, ಒಳಗಿನದು ಗಟ್ಟಿಯಾಗಿಯೇ ಉಳಿಯುತ್ತದೆ.

ಪ್ಯಾಕೆಟ್ ಮೇಲೆ ಊರಿನ ಹೆಸರಿದ್ದರೆ ಎರಡು ಹೆಸರು ನೆನಪಿಡಿ. ಫುಜಿಯಾನ್ ಪ್ರಾಂತ್ಯದ ಗುಟಿಯಾನ್, ಸಿಚುವಾನ್ ಪ್ರಾಂತ್ಯದ ಟೊಂಗ್‌ಜಿಯಾಂಗ್. ಈಗ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಬಹುಪಾಲು ಗುಟಿಯಾನ್‌ನದು, ಚೀಲದಲ್ಲಿ ಹತ್ತಿಬೀಜದ ಹೊಟ್ಟು ತುಂಬಿ ಅದರ ಮೇಲೆ ಬೆಳೆಸಿದ್ದು. ಟೊಂಗ್‌ಜಿಯಾಂಗ್‌ನದು ಮರದ ದಿಮ್ಮಿಯ ಮೇಲೆ ಬೆಳೆಸುವ ಹಳೆಯ ಪದ್ಧತಿಗೆ ಹೆಸರಾದದ್ದು, ಬೆಲೆ ಜಾಸ್ತಿ. ಇದನ್ನು ಬೆಳೆಸುವ ಕತೆಯೇ ಸೊಗಸು. ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್ ಅಂತ ಇದರ ಶಾಸ್ತ್ರೀಯ ಹೆಸರು, 1856ರಲ್ಲಿ ಬರ್ಕ್ಲಿ ಎಂಬ ಇಂಗ್ಲಿಷ್ ವಿಜ್ಞಾನಿ ಬ್ರೆಜಿಲ್‌ನಿಂದ ಬಂದ ಮಾದರಿ ನೋಡಿ ಇಟ್ಟದ್ದು. ಈ ಅಣಬೆಗೆ ತಾನಾಗಿ ಮರವನ್ನು ಅರಗಿಸಿಕೊಳ್ಳುವ ಶಕ್ತಿ ಕಡಿಮೆ. ಅದರ ಪಕ್ಕದಲ್ಲಿ ಬೆಳೆಯುವ ಇನ್ನೊಂದು ಕಪ್ಪು ಬೂಸ್ಟು ಮರವನ್ನು ಕೊಳೆಸುತ್ತದೆ, ಇದು ಅದನ್ನು ನಂಬಿಕೊಂಡು ಬದುಕುತ್ತದೆ. ಈ ಜೋಡಿಯ ಗುಟ್ಟು ತಿಳಿಯುವ ತನಕ ಯಾರಿಗೂ ಇದನ್ನು ಖಚಿತವಾಗಿ ಫಲ ಬರುವ ಹಾಗೆ ಬೆಳೆಸಲು ಆಗುತ್ತಿರಲಿಲ್ಲ, ಕಾಡಿನಲ್ಲೋ ದಿಮ್ಮಿಯ ಮೇಲೋ ತಾನಾಗಿ ಬಂದಷ್ಟೇ. ಆಗ ಇದು ಶ್ರೀಮಂತರ ಮನೆಯ ಪದಾರ್ಥ. ಈಗ ಎರಡನ್ನೂ ಸೇರಿಸಿಯೇ ಬಿತ್ತುತ್ತಾರೆ, ಅದರಿಂದಲೇ ಇದು ಎಲ್ಲರ ಅಡುಗೆಮನೆಗೆ ಬಂದದ್ದು.

ಕೊಲಾಜೆನ್ ವಿಷಯ. ಇಲ್ಲ ಮೇಡಂ, ಒಂದು ಗ್ರಾಂ ಕೂಡ ಇಲ್ಲ. ಕೊಲಾಜೆನ್ ಪ್ರಾಣಿಗಳ ದೇಹದಲ್ಲಿರುವ ಪ್ರೋಟೀನು, ಚರ್ಮ, ಮೂಳೆ, ಸ್ನಾಯುಗಳಲ್ಲಿ ಇರುವುದು. ಅಣಬೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಸೂಪ್ ಅಂಟಂಟಾಗಿ ಇರುವುದನ್ನು ನೋಡಿ ಯಾರೋ ಹೇಳಿದ ಮಾತು ಹಬ್ಬಿದೆ. ಆ ಅಂಟು ಮೇಲೆ ಹೇಳಿದ ಪಾಲಿಸ್ಯಾಕರೈಡ್‌ನದು. ಅದು ನೀರು ಹಿಡಿದಿಡುತ್ತದೆ ಅನ್ನುವುದು ನಿಜ, ಅದಕ್ಕೇ ಇದರ ಸಾರವನ್ನು ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಬಳಸುತ್ತಾರೆ. ಹಚ್ಚುವುದು ಬೇರೆ, ಕುಡಿಯುವುದು ಬೇರೆ ಅಲ್ವಾ. ಕುಡಿದದ್ದು ಹೊಟ್ಟೆಗೆ ಹೋಗುತ್ತದೆ, ನಾರಿನಂತೆ ಕೆಲಸ ಮಾಡುತ್ತದೆ, ಹೊಟ್ಟೆ ತುಂಬಿದ ಹಾಗಿರುತ್ತದೆ, ಬೆಳಿಗ್ಗೆ ಸಲೀಸಾಗುತ್ತದೆ. ಇಷ್ಟು ಒಳ್ಳೆಯದು ಸಾಕಲ್ಲ. ಚರ್ಮ ಹೊಳೆಯುತ್ತದೆ ಅಂತ ಸುಮ್ನೆ ದಿನಾ ಕುಡಿದರೆ ಸಕ್ಕರೆಯೂ ದಿನಾ ಹೋಗುತ್ತದೆ. ಶುಗರ್ ಇರುವವರು ಕಲ್ಲುಸಕ್ಕರೆ ಬಿಟ್ಟು ಪಿಯರ್ಸ್‌ನ ಸಿಹಿಯಲ್ಲೇ ಕುಡಿಯಿರಿ, ರೆಡ್ ಡೇಟ್ಸ್‌ನಲ್ಲೂ ಸಕ್ಕರೆ ಇದೆ ಅನ್ನುವುದು ಲೆಕ್ಕದಲ್ಲಿರಲಿ.

ಮಿಕ್ಕ ಸೂಪ್ ಇಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಉಳಿದದ್ದು ವಿಷವಾಗುತ್ತದೆ ಅಂತ ಚೀನೀ ಮನೆಗಳಲ್ಲೇ ಒಂದು ನಂಬಿಕೆ ಇದೆ. ಬೇಯಿಸಿದ ಸೂಪನ್ನು ಆರಿದ ಕೂಡಲೇ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿದರೆ ಎರಡು ದಿನ ಏನೂ ಆಗುವುದಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಟ್ಟರೆ ಮಾತ್ರ ಕುಡಿಯಬೇಡಿ. ತಣ್ಣಗಾಗಿ ತೀರಾ ಗಟ್ಟಿ ಅನ್ನಿಸಿದರೆ ಸ್ವಲ್ಪ ಬಿಸಿನೀರು ಸೇರಿಸಿ.

ಕೊನೆಗೆ ನಿಮ್ಮ ಅತ್ತೆಯವರದು. ಇದು ಸಸ್ಯಾಹಾರವೇ, ಚೀನಾದ ಬೌದ್ಧ ಮಠಗಳ ಅಡುಗೆಯಲ್ಲೂ ಬಳಸುತ್ತಾರೆ. ಆದರೆ ಇದು ಅಣಬೆ, ಅದರಲ್ಲಿ ಎರಡು ಮಾತಿಲ್ಲ. ಹೂವಿನ ಹಾಗೆ ಕಾಣುತ್ತದೆ, ರುಚಿಯಲ್ಲಿ ಅಣಬೆಯ ಸುಳಿವೇ ಇಲ್ಲ, ಅಂತ ಹೇಳದೆ ಬಡಿಸಿಬಿಡುವುದು ಸರಿಯಲ್ಲ. ಅವರ ನೇಮ ಅವರದು. ಅವರಿಗೆ ಅಂತಲೇ ಪಿಯರ್ಸ್, ಕಲ್ಲುಸಕ್ಕರೆ, ಒಣದ್ರಾಕ್ಷಿ ಬೇರೆ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಆರಲು ಬಿಡಿ. ಗೋಂದ್ ಕತೀರ ಅಂತ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಅದು ಗಿಡದ ಅಂಟು. ಒಂದು ಚಮಚ ಚೂರನ್ನು ಫ್ರಿಜ್‌ನಲ್ಲಿ ಏಳೆಂಟು ಗಂಟೆ ನೆನೆಸಿದರೆ ಉಬ್ಬಿ ಬಟ್ಟಲು ತುಂಬುತ್ತದೆ. ಅದನ್ನು ಕುದಿಸದೆ, ತಣ್ಣಗಾದ ಪಿಯರ್ಸ್ ನೀರಿಗೆ ಬೆರೆಸಿ ಕೊಡಿ. ಚೀನಾದಲ್ಲೂ ಪೀಚ್ ಮರದ ಅಂಟನ್ನು ನೆನೆಸಿ ಇದೇ ಬಗೆಯ ಸಿಹಿ ಸೂಪ್‌ಗಳಿಗೆ ಹಾಕುತ್ತಾರೆ, ಹಾಗಾಗಿ ಅತ್ತೆಯವರ ಬಟ್ಟಲು ಮೂಲದಿಂದ ತೀರಾ ದೂರವೇನೂ ಹೋಗುವುದಿಲ್ಲ.